ಬೆಡ್‌ರೂಂ ಎಷ್ಟು ಅಂತ ಕೇಳಿದ್ದಕ್ಕೆ: ಕೆನಡಾದ ಉದ್ದದ ಫಾರಂ ಜಗಳ

ನಿಮ್ಮ ಮನೆಯಲ್ಲಿ ಬೆಡ್‌ರೂಂ ಎಷ್ಟಿದೆ?

ನಮ್ಮ ಕಡೆ ಈ ಪ್ರಶ್ನೆಗೆ ಯಾರೂ ಮುಖ ಸಿಂಡರಿಸುವುದಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತ ದೂರದ ನೆಂಟರು ಪಾಯಸ ಬರುವ ಹೊತ್ತಿಗೆ ಬೆಡ್‌ರೂಂ, ಬಾಡಿಗೆ, ಸಂಬಳ ಮೂರನ್ನೂ ಕೇಳಿ ಮುಗಿಸಿರುತ್ತಾರೆ. ಕೆನಡಾದಲ್ಲಿ 2010ರ ಬೇಸಿಗೆಯಲ್ಲಿ ಇದೇ ಪ್ರಶ್ನೆ ಸರ್ಕಾರ, ವಿರೋಧ ಪಕ್ಷ, ಡಾಕ್ಟರುಗಳ ಸಂಘ, ಚರ್ಚುಗಳು, ಕೋರ್ಟು ಎಲ್ಲವನ್ನೂ ಒಂದೇ ಜಗಳಕ್ಕೆ ಎಳೆಯಿತು. ದೇಶದ ಅಂಕಿಅಂಶ ಸಂಸ್ಥೆಯ ಮುಖ್ಯಸ್ಥರು ಕೆಲಸ ಬಿಟ್ಟು ಎದ್ದು ಹೋದರು.

ಸ್ಟೀಫನ್ ಹಾರ್ಪರ್ ಅವರ ಕನ್ಸರ್ವೇಟಿವ್ ಸರ್ಕಾರ 2006ರಿಂದ 2015ರವರೆಗೆ ಇತ್ತು. ಆ ಕಾಲದಲ್ಲಿ ಒಳ್ಳೆಯದೇನಾಯಿತು, ಕೆಟ್ಟದ್ದೇನಾಯಿತು ಅನ್ನುವ ವಾದ ಅಲ್ಲಿ ಇನ್ನೂ ನಿಂತಿಲ್ಲ. ಬೆಂಬಲಿಗರನ್ನು ಕೇಳಿದರೆ ಜಿಎಸ್‌ಟಿಯನ್ನು 7ರಿಂದ 5 ಪರ್ಸೆಂಟಿಗೆ ಇಳಿಸಿದ್ದು, ಮೂಲನಿವಾಸಿ ಮಕ್ಕಳ ವಸತಿಶಾಲೆಗಳ ವಿಷಯದಲ್ಲಿ 2008ರಲ್ಲಿ ಸಂಸತ್ತಿನಲ್ಲೇ ಕ್ಷಮೆ ಕೇಳಿದ್ದು, ಉದ್ದ ಬಂದೂಕುಗಳ ನೋಂದಣಿ ರದ್ದು ಮಾಡಿದ್ದು ಅಂತ ಬೆರಳು ಮಡಿಸುತ್ತಾರೆ. ವಿರೋಧಿಗಳು ಸರ್ಕಾರಿ ವಿಜ್ಞಾನಿಗಳ ಬಾಯಿ ಕಟ್ಟಿದ್ದು, ಪರಿಸರದ ಬಗ್ಗೆ ಸಲಹೆ ಕೊಡುತ್ತಿದ್ದ ಮಂಡಳಿಯನ್ನೇ ಮುಚ್ಚಿದ್ದು ಅಂತ ಬೇರೆ ಕೈಯಲ್ಲಿ ಎಣಿಸುತ್ತಾರೆ. ಎರಡೂ ಕೈಯಲ್ಲಿ ಬರುವ ಒಂದು ವಿಷಯ ಜನಗಣತಿಯ ಉದ್ದದ ಫಾರಂ. ಅದಕ್ಕೇ ಈ ಒಂದನ್ನೇ ಹಿಡಿದುಕೊಂಡು ಕೂತೆ.

ಎರಡು ಫಾರಂ

ಕೆನಡಾದಲ್ಲಿ ಜನಗಣತಿ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ಹೆಚ್ಚಿನ ಮನೆಗಳಿಗೆ ಚಿಕ್ಕ ಫಾರಂ ಬರುತ್ತದೆ. ಹೆಸರು, ವಯಸ್ಸು, ಮದುವೆ ಆಗಿದೆಯಾ, ಮಾತೃಭಾಷೆ ಯಾವುದು, ಅಷ್ಟೇ. 2006ರಲ್ಲಿ ಇದರಲ್ಲಿ ಇದ್ದದ್ದು 8 ಪ್ರಶ್ನೆ. ಐದು ಮನೆಗೆ ಒಂದರಂತೆ ಉದ್ದದ ಫಾರಂ ಹೋಗುತ್ತಿತ್ತು. ಅದರಲ್ಲಿ ಇನ್ನೂ 53 ಪ್ರಶ್ನೆ ಜಾಸ್ತಿ. ಓದು, ಕೆಲಸ, ಆದಾಯ, ಹುಟ್ಟಿದ ದೇಶ, ಕೆಲಸಕ್ಕೆ ಹೇಗೆ ಹೋಗುತ್ತೀರಿ, ಮನೆಗೆ ದೊಡ್ಡ ರಿಪೇರಿ ಬೇಕಾ, ಮತ್ತೆ ಆ ಬೆಡ್‌ರೂಂ ಪ್ರಶ್ನೆ.

ಎರಡೂ ಕಡ್ಡಾಯ. ತುಂಬಿ ಕೊಡದಿದ್ದರೆ 500 ಡಾಲರ್‌ವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕಾನೂನಿನಲ್ಲಿ ಹೀಗೆ ಬರೆದಿತ್ತು. ಫಾರಂ ತುಂಬಲಿಲ್ಲ ಅಂತ ಯಾರೂ ಜೈಲಿಗೆ ಹೋಗಿರಲಿಲ್ಲ.

ಬೆಡ್‌ರೂಂ ಎಷ್ಟು ಅಂತ ಕೇಳುವುದು ಸುಮ್ನೆ ಕುತೂಹಲಕ್ಕಲ್ಲ. ಮನೆಯಲ್ಲಿ ಎಷ್ಟು ಜನ, ಎಷ್ಟು ಕೋಣೆ, ಆದಾಯದಲ್ಲಿ ಬಾಡಿಗೆಗೆ ಎಷ್ಟು ಹೋಗುತ್ತದೆ ಅನ್ನುವುದನ್ನು ಸೇರಿಸಿ ನೋಡಿದರೆ ಯಾವ ಊರಿನ ಯಾವ ಬೀದಿಯಲ್ಲಿ ಜನ ಇಕ್ಕಟ್ಟಿನಲ್ಲಿದ್ದಾರೆ ಅಂತ ಗೊತ್ತಾಗುತ್ತದೆ. ಬಸ್ಸು ಎಲ್ಲಿ ಬಿಡಬೇಕು, ಇಂಗ್ಲಿಷ್ ಕಲಿಸುವ ತರಗತಿ ಎಲ್ಲಿ ತೆಗೆಯಬೇಕು ಅನ್ನುವುದನ್ನೂ ಊರಿನ ಆಡಳಿತಗಳು ಇದೇ ಫಾರಂ ನೋಡಿ ತೀರ್ಮಾನಿಸುತ್ತಿದ್ದವು. ಬೇರೆ ಸಣ್ಣಪುಟ್ಟ ಸಮೀಕ್ಷೆಗಳ ತೂಕ ಸರಿ ಇದೆಯಾ ಅಂತ ನೋಡಲು ಬಳಸುವ ತಕ್ಕಡಿಯೂ ಇದೇ. ಕೊನೆಯ ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಜೂನ್ ತಿಂಗಳ ಒಂದು ಶನಿವಾರ

2010ರ ಜೂನ್ 17ರಂದು ಸಚಿವ ಸಂಪುಟದಿಂದ ಒಂದು ಆದೇಶ ಹೊರಟಿತು. 2011ರ ಜನಗಣತಿಗೆ ಚಿಕ್ಕ ಫಾರಂ ಮಾತ್ರ. ಸಂಸತ್ತಿನಲ್ಲಿ ಚರ್ಚೆ ಇಲ್ಲ, ಮಸೂದೆ ಇಲ್ಲ. ಜೂನ್ 26ರ ಶನಿವಾರ ಅದು ಸರ್ಕಾರಿ ಗೆಜೆಟ್‌ನಲ್ಲಿ ಅಚ್ಚಾಯಿತು. ಅದೇ ದಿನ ಟೊರಾಂಟೊದಲ್ಲಿ ಜಿ-20 ಶೃಂಗಸಭೆ. ಬೀದಿಯಲ್ಲಿ ಪೊಲೀಸ್ ಕಾರುಗಳು ಉರಿಯುತ್ತಿದ್ದವು. ಗೆಜೆಟ್ ಯಾರು ಓದುತ್ತಾರೆ?

ಓದುವವರು ಓದಿದರು. ಕೆಲವೇ ದಿನಗಳಲ್ಲಿ ಪತ್ರಿಕೆಗಳಲ್ಲಿ ಬಂತು. ಉದ್ದದ ಫಾರಂ ಬದಲು 'ನ್ಯಾಷನಲ್ ಹೌಸ್‌ಹೋಲ್ಡ್ ಸರ್ವೇ' ಅನ್ನುವ ಹೊಸ ಸಮೀಕ್ಷೆ ಮಾಡುತ್ತೇವೆ, ಪ್ರಶ್ನೆಗಳು ಹೆಚ್ಚುಕಡಿಮೆ ಅವೇ, ಇಷ್ಟ ಇದ್ದವರು ತುಂಬಬಹುದು ಅಂತ ಕೈಗಾರಿಕಾ ಸಚಿವ ಟೋನಿ ಕ್ಲೆಮೆಂಟ್ ಹೇಳಿದರು. ತುಂಬುವವರು ಕಡಿಮೆ ಆಗಬಹುದು ಅಂತ ಸರ್ಕಾರಕ್ಕೂ ಗೊತ್ತಿತ್ತು. ಅದಕ್ಕೇ ಐದರಲ್ಲಿ ಒಂದು ಮನೆಯ ಬದಲು ಸುಮಾರು ಮೂರರಲ್ಲಿ ಒಂದು ಮನೆಗೆ, ಅಂದರೆ 45 ಲಕ್ಷ ಮನೆಗೆ ಫಾರಂ ಕಳಿಸುವ ಯೋಜನೆ. ಖರ್ಚು ಕಡಿಮೆ ಆಗಲಿಲ್ಲ, ಜಾಸ್ತಿಯೇ ಆಯಿತು. ಖರ್ಚು ಉಳಿಸುವುದೇ ತನ್ನ ಗುಣ ಅಂತ ಹೇಳಿಕೊಳ್ಳುವ ಪಕ್ಷಕ್ಕೆ ಇದು ಸ್ವಲ್ಪ ಮುಜುಗರದ ವಿಷಯ.

ಸರ್ಕಾರದ ವಾದ ಒಂದೇ ಸಾಲಿನದು: ನಿಮ್ಮ ಮನೆಯ ಬೆಡ್‌ರೂಂ ಲೆಕ್ಕ ಹೇಳಲಿಲ್ಲ ಅಂತ ಸರ್ಕಾರ ನಿಮ್ಮನ್ನು ಜೈಲಿಗೆ ಹಾಕುವುದು ಸರಿಯಾ? ಕೇಳಿದ ತಕ್ಷಣ ತಲೆ ಆಡಿಸಬೇಕು ಅನ್ನಿಸುವ ಮಾತು. ಹಿಂದೆ ಅದೇ ಖಾತೆ ನೋಡಿಕೊಂಡಿದ್ದ ಮ್ಯಾಕ್ಸಿಮ್ ಬರ್ನಿಯೆ, 2006ರ ಗಣತಿ ವೇಳೆ ತನಗೆ ದಿನಕ್ಕೆ ಸಾವಿರದಷ್ಟು ದೂರಿನ ಇಮೇಲ್ ಬರುತ್ತಿದ್ದವು ಅಂದರು. ಗೌಪ್ಯತಾ ಕಮಿಷನರ್ ಕಚೇರಿಗೆ ಹಿಂದಿನ ಹತ್ತು ವರ್ಷದಲ್ಲಿ ಬಂದಿದ್ದ ದೂರು ಮಾತ್ರ ಬೆರಳೆಣಿಕೆಯಷ್ಟು.

ಈ ಪಕ್ಷದ ಹುಟ್ಟು ಗೊತ್ತಿಲ್ಲದಿದ್ದರೆ ಇದು ವಿಚಿತ್ರ ಅನ್ನಿಸುತ್ತದೆ. ಹಾರ್ಪರ್ ಅವರ ಕನ್ಸರ್ವೇಟಿವ್ ಪಕ್ಷ 2003ರ ಕೊನೆಗೆ ಎರಡು ಪಕ್ಷ ಸೇರಿ ಆದದ್ದು. ಒಂದು ಹಳೇ ಪ್ರೊಗ್ರೆಸಿವ್ ಕನ್ಸರ್ವೇಟಿವ್. ಇನ್ನೊಂದು ಪಶ್ಚಿಮದ ಪ್ರಾಂತ್ಯಗಳಲ್ಲಿ ಬೆಳೆದ ಅಲಯನ್ಸ್. ರಾಜಧಾನಿ ಒಟ್ಟಾವದವರು ನಮ್ಮ ವಿಷಯಕ್ಕೆ ಜಾಸ್ತಿ ತಲೆ ಹಾಕಬಾರದು ಅನ್ನುವುದು ಆ ಪಶ್ಚಿಮದ ಜನರ ಉಸಿರು. ಬಂದೂಕು ನೋಂದಣಿ ಬೇಡ ಅಂದವರೂ, ಉದ್ದದ ಫಾರಂ ಬೇಡ ಅಂದವರೂ ಬಹುಪಾಲು ಒಂದೇ ಗುಂಪು. ಆ ಹಳೇ ಪಕ್ಷವೂ 1984ರಲ್ಲಿ ಬ್ರಯನ್ ಮಲ್ರೋನಿ ಪ್ರಧಾನಿಯಾಗಿದ್ದಾಗ ದುಡ್ಡು ಉಳಿಸಲು 1986ರ ಗಣತಿಯನ್ನೇ ರದ್ದು ಮಾಡಲು ಹೊರಟಿತ್ತು. ಗಲಾಟೆ ಆಯಿತು, ತಪ್ಪು ಅಂತ ಗೊತ್ತಾಯಿತು, ಹಿಂದಕ್ಕೆ ತೆಗೆದುಕೊಂಡರು, ಮುಗಿಯಿತು. ಹಾರ್ಪರ್ ಹಿಂದೆ ಸರಿಯಲಿಲ್ಲ.

ಎರಡು ಪದ

ಜುಲೈ ತುಂಬ ಪತ್ರಗಳು ಬಂದವು. ಪ್ರಾಂತ್ಯ ಸರ್ಕಾರಗಳು, ಊರುಗಳ ಒಕ್ಕೂಟ, ವೈದ್ಯರ ಸಂಘ, ಬ್ಯಾಂಕುಗಳ ಅರ್ಥಶಾಸ್ತ್ರಜ್ಞರು, ಕ್ಯಾಥೊಲಿಕ್ ಬಿಷಪ್ಪರು, ಯಹೂದಿ ಸಂಘಟನೆಗಳು. ಒಬ್ಬರಿಗೊಬ್ಬರು ಮುಖ ನೋಡದವರೂ ಒಂದೇ ಸಾಲಿನಲ್ಲಿ ನಿಂತಿದ್ದರು. ಅವರಲ್ಲಿ ನನಗೆ ಇಷ್ಟವಾದವರು ಐವನ್ ಫೆಲೆಗಿ. 1985ರಿಂದ 2008ರವರೆಗೆ ಸ್ಟ್ಯಾಟಿಸ್ಟಿಕ್ಸ್ ಕೆನಡಾ, ಅಂದರೆ ಗಣತಿ ಮಾಡುವ ಅಂಕಿಅಂಶ ಸಂಸ್ಥೆಯನ್ನು ನಡೆಸಿದವರು. 1956ರ ದಂಗೆಯ ನಂತರ ಹಂಗೆರಿ ಬಿಟ್ಟು ಬಂದವರು. ಜನರ ಮನೆಯೊಳಗೆ ಇಣುಕುವ ಸರ್ಕಾರ ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಫಾರಂ ಕಡ್ಡಾಯವಾಗಿಯೇ ಇರಲಿ ಅಂತ ಅವರೇ ಹೇಳಿದರು.

ಆಗ ಕ್ಲೆಮೆಂಟ್ ಒಂದು ಮಾತು ಆಡಿದರು. ಇಷ್ಟ ಇದ್ದವರು ತುಂಬುವ ಸಮೀಕ್ಷೆಯಿಂದಲೂ ಕೆಲಸ ಆಗುತ್ತದೆ, ಸ್ಟ್ಯಾಟಿಸ್ಟಿಕ್ಸ್ ಕೆನಡಾದವರೇ ಇದಕ್ಕೆ ಒಪ್ಪಿದ್ದಾರೆ ಅನ್ನುವ ಅರ್ಥ ಬರುವ ಹಾಗೆ. ಕೆನಡಾದಲ್ಲಿ ಅಧಿಕಾರಿಗಳು ಸಚಿವರಿಗೆ ಕೊಡುವ ಸಲಹೆ ಗುಟ್ಟಾಗಿ ಉಳಿಯಬೇಕು. ಅಧಿಕಾರಿ ಎದ್ದು ನಿಂತು 'ನಾನು ಹಾಗೆ ಹೇಳಿಲ್ಲ' ಅನ್ನುವ ಹಾಗಿಲ್ಲ. ಆಗಿನ ಮುಖ್ಯಸ್ಥ ಮುನೀರ್ ಶೇಖ್ ಬಾಯಿ ಮುಚ್ಚಿಕೊಂಡರೆ ಸಂಸ್ಥೆಯ ಮರ್ಯಾದೆ ಹೋಗುತ್ತಿತ್ತು, ಬಾಯಿ ತೆರೆದರೆ ನಿಯಮ ಮುರಿಯುತ್ತಿತ್ತು.

ಜುಲೈ 21ರಂದು ಅವರು ಸಂಸ್ಥೆಯ ವೆಬ್‌ಸೈಟಿನಲ್ಲಿ ಒಂದು ಪುಟ್ಟ ಹೇಳಿಕೆ ಹಾಕಿದರು. ಸಚಿವರಿಗೆ ಏನು ಸಲಹೆ ಕೊಟ್ಟೆ ಅಂತ ಅದರಲ್ಲಿ ಹೇಳಲೇ ಇಲ್ಲ. ಕಡ್ಡಾಯ ಗಣತಿಯ ಜಾಗವನ್ನು ಸ್ವಇಚ್ಛೆಯ ಸಮೀಕ್ಷೆ ತುಂಬಬಲ್ಲದೇ ಅನ್ನುವ ತಾಂತ್ರಿಕ ಪ್ರಶ್ನೆಯನ್ನು ಮಾತ್ರ ಎತ್ತಿಕೊಂಡರು. ಉತ್ತರವನ್ನು ಕನ್ನಡದಲ್ಲಿ ಎರಡೇ ಪದದಲ್ಲಿ ಹೇಳಬಹುದು: ಸಾಧ್ಯವೇ ಇಲ್ಲ. ಅದರ ಕೆಳಗೆ ರಾಜೀನಾಮೆ.

ನಿಯಮ ಮುರಿಯದೆ ಸತ್ಯ ಹೇಳಿದ ಆ ರೀತಿಯನ್ನು ನಾನು ಎಷ್ಟು ಸಲ ಓದಿದರೂ ಮೆಚ್ಚುತ್ತೇನೆ.

ಒಂದು ಅಗುಳಿನ ಲೆಕ್ಕ

ಅವರು ಯಾಕೆ ಅಷ್ಟು ಖಡಾಖಂಡಿತವಾಗಿ ಹೇಳಿದರು? ನಮ್ಮ ಅಡುಗೆಮನೆಯಲ್ಲೇ ಉತ್ತರ ಇದೆ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಯಾಕೆ ಸಾಕು ಅಂದರೆ ಆ ಅಗುಳನ್ನು ನಾವು ಆರಿಸುತ್ತೇವೆ. ಸೌಟು ಹಾಕಿ ತಿರುವಿ, ತಳದಿಂದಲೂ ಎತ್ತುತ್ತೇವೆ. ಅಗುಳಿಗೇ 'ಇಷ್ಟ ಇದ್ದರೆ ಮೇಲೆ ಬಾ' ಅಂದರೆ ಮೇಲಿನವು ಬರುತ್ತವೆ. ತಳದಲ್ಲಿ ಸೀದು ಹೋಗಿರುವವು ಅಲ್ಲೇ ಇರುತ್ತವೆ. ದೊಡ್ಡ ಸೌಟು ತಂದರೂ ಪ್ರಯೋಜನ ಇಲ್ಲ. ಮೇಲಿನ ಅನ್ನವೇ ಇನ್ನಷ್ಟು ಬರುತ್ತದೆ.

45 ಲಕ್ಷ ಮನೆಗೆ ಫಾರಂ ಕಳಿಸುವುದು ದೊಡ್ಡ ಸೌಟು. ಫಾರಂ ಬಂದರೆ ತುಂಬದೆ ಬಿಡುವವರು ಯಾರು? ಎರಡು ಕಡೆ ದುಡಿದು ಸುಸ್ತಾದವರು, ಈಚೆಗೆ ವಲಸೆ ಬಂದು ಭಾಷೆ ಬಾರದವರು, ಬಾಡಿಗೆ ಮನೆ ಬದಲಾಯಿಸುತ್ತಲೇ ಇರುವ ಹುಡುಗರು, ಸರ್ಕಾರವನ್ನು ನಂಬಲು ಕಾರಣವೇ ಇಲ್ಲದ ಮೂಲನಿವಾಸಿಗಳು, ಇನ್ನೊಂದು ತುದಿಯಲ್ಲಿ ತುಂಬ ಶ್ರೀಮಂತರು. ತುಂಬದವರೂ ತುಂಬಿದವರ ಹಾಗೇ ಇದ್ದಿದ್ದರೆ ಚಿಂತೆ ಇರಲಿಲ್ಲ. ಹಾಗಿರುವುದಿಲ್ಲ ಅನ್ನುವುದೇ ತೊಂದರೆ. ಬೇರೆ ಸಮೀಕ್ಷೆಗಳಲ್ಲಿ ಇಂಥ ಓರೆಯನ್ನು ತಿದ್ದಲು ಉದ್ದದ ಫಾರಂ ಎಂಬ ತಕ್ಕಡಿ ಇತ್ತು. ಈಗ ತಕ್ಕಡಿಯೇ ಓರೆ.

ಕ್ಲೆಮೆಂಟ್ ಬೇರೊಂದು ಉದಾಹರಣೆ ಕೊಟ್ಟರು: ಸ್ಕ್ಯಾಂಡಿನೇವಿಯಾದ ದೇಶಗಳು ಗಣತಿ ಫಾರಂ ಬಿಟ್ಟೇಬಿಟ್ಟಿವೆ. ಅದು ನಿಜ. ಆದರೆ ಅಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರ್ ಇದ್ದು, ವಿಳಾಸ, ಕೆಲಸ, ತೆರಿಗೆ ಎಲ್ಲವೂ ಸರ್ಕಾರದ ದಾಖಲೆಯಲ್ಲಿ ಒಂದಕ್ಕೊಂದು ಜೋಡಣೆಯಾಗಿರುತ್ತದೆ. ಕೇಳಬೇಕಾಗೇ ಇಲ್ಲ, ಮೊದಲೇ ಗೊತ್ತು. ಸರ್ಕಾರಕ್ಕೆ ಜನರ ವಿಷಯ ಕಡಿಮೆ ಗೊತ್ತಿರಲಿ ಅನ್ನುವವರು ಎಲ್ಲ ಗೊತ್ತಿರುವ ಸರ್ಕಾರವನ್ನು ಮಾದರಿಯಾಗಿ ತೋರಿಸಿದರು.

ಗದ್ದಲದಲ್ಲಿ ಕಳೆದು ಹೋದದ್ದು

ಕನ್ಸರ್ವೇಟಿವರ ಮಾತಿನಲ್ಲಿ ಹುರುಳು ಇರಲಿಲ್ಲವಾ? ಇತ್ತು. ಒಂದು ಫಾರಂಗೆ ಮೂರು ತಿಂಗಳ ಜೈಲು ಅನ್ನುವುದು ಅತಿಯೇ. ವಿರೋಧ ಪಕ್ಷದವರು, 'ಯಾರನ್ನೂ ಜೈಲಿಗೆ ಹಾಕಿಲ್ಲವಲ್ಲ' ಅಂತ ಕೈ ಕೊಡವಿದರು. ಹಾಕುವುದೇ ಇಲ್ಲ ಅಂದ ಮೇಲೆ ಕಾನೂನಿನಲ್ಲಿ ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳಬಹುದಿತ್ತು. ಗಣತಿಯ ಮೇಲೆ ಅನುಮಾನ ಇದ್ದದ್ದು ಬಲಪಂಥದವರಿಗೆ ಮಾತ್ರವೂ ಅಲ್ಲ. 2006ರಲ್ಲಿ ಗಣತಿಯ ಸಾಫ್ಟ್‌ವೇರ್ ಕೆಲಸವನ್ನು ಲಾಕ್‌ಹೀಡ್ ಮಾರ್ಟಿನ್‌ಗೆ, ಅಂದರೆ ಅಮೆರಿಕದ ಶಸ್ತ್ರಾಸ್ತ್ರ ಕಂಪನಿಗೆ ಕೊಟ್ಟಿದ್ದಾರೆ ಅಂತ ಯುದ್ಧ ವಿರೋಧಿಗಳೂ ಫಾರಂ ತುಂಬಲು ಒಪ್ಪಿರಲಿಲ್ಲ.

ಮದ್ದು ಸುಲಭವಿತ್ತು. ಜೈಲಿನ ಸಾಲು ತೆಗೆದುಹಾಕಿ, ದಂಡ ಉಳಿಸಿ, ಫಾರಂ ಕಡ್ಡಾಯವಾಗೇ ಇರಲಿ ಅಂದಿದ್ದರೆ ಆಗುತ್ತಿತ್ತು. ಸರ್ಕಾರ ಮಾಡಿದ್ದು ನೆಗಡಿಯಾಯಿತು ಅಂತ ಮೂಗು ಕೊಯ್ದುಕೊಂಡ ಕೆಲಸ. ಮೂಗು ಹೋಯಿತು, ನೆಗಡಿ ಹೋಗಲಿಲ್ಲ. ಯಾಕೆ ಅಂದರೆ ಚಿಕ್ಕ ಫಾರಂ ಕಡ್ಡಾಯವಾಗಿಯೇ ಇತ್ತು, ರೈತರು ತುಂಬುವ ಕೃಷಿ ಗಣತಿಯೂ ಕಡ್ಡಾಯವಾಗಿಯೇ ಇತ್ತು. ಅವುಗಳ ಹಿಂದೆ ಅದೇ ಮೂರು ತಿಂಗಳ ಜೈಲು. ತೆಗೆಯುತ್ತೇವೆ ಅಂತ ಹೇಳಿದರು. 2015ರಲ್ಲಿ ಅಧಿಕಾರ ಬಿಡುವವರೆಗೂ ಕಾನೂನಿನಲ್ಲಿ ಹಾಗೇ ಇತ್ತು.

ಇದನ್ನು ನೋಡಿದ ಮೇಲೆ ನನಗೆ ಅನ್ನಿಸುವುದು ಇಷ್ಟು. ಎರಡೂ ಕಡೆಯವರಿಗೆ ಮದ್ದಿಗಿಂತ ಜಗಳವೇ ಬೇಕಾಗಿತ್ತು. ಒಬ್ಬರಿಗೆ 'ಒಟ್ಟಾವದ ಮೇಧಾವಿಗಳ ವಿರುದ್ಧ ಸಾಮಾನ್ಯ ಜನ' ಅನ್ನುವ ಕಥೆ ಸಿಕ್ಕಿತು. ಇನ್ನೊಬ್ಬರಿಗೆ 'ಅಂಕಿಅಂಶಕ್ಕೆ ಹೆದರುವ ಸರ್ಕಾರ' ಅನ್ನುವ ಕಥೆ ಸಿಕ್ಕಿತು. ಹಾರ್ಪರ್ ಅರ್ಥಶಾಸ್ತ್ರದಲ್ಲಿ ಎಂಎ ಮಾಡಿದವರು ಅನ್ನುವುದು ಆ ಎರಡನೇ ಕಥೆಗೆ ಇನ್ನಷ್ಟು ಖಾರ ಹಾಕಿತು. ಗೊತ್ತಿದ್ದೂ ಮಾಡಿದರು ಅಲ್ವಾ ಅಂತ.

ಫ್ರೆಂಚ್ ಮಾತಾಡುವ ಅಲ್ಪಸಂಖ್ಯಾತರ ಒಕ್ಕೂಟ ಕೋರ್ಟಿಗೆ ಹೋಯಿತು, ಸೋತಿತು. ಅಷ್ಟರೊಳಗೆ ಆಗಸ್ಟ್‌ನಲ್ಲಿ ಸರ್ಕಾರವೇ ಭಾಷೆಯ ಪ್ರಶ್ನೆಗಳನ್ನು ಚಿಕ್ಕ ಫಾರಂಗೆ ಸೇರಿಸಿ ಅದನ್ನು 10 ಪ್ರಶ್ನೆ ಮಾಡಿತ್ತು. (ಮಾತೃಭಾಷೆಯ ಪ್ರಶ್ನೆ ಮೊದಲಿಂದಲೂ ಚಿಕ್ಕ ಫಾರಂನಲ್ಲೇ ಇದ್ದದ್ದರಿಂದ ಕೆನಡಾದ ಕನ್ನಡಿಗರ ಭಾಷೆಯ ಲೆಕ್ಕಕ್ಕೆ ಈ ಗಲಾಟೆಯಲ್ಲಿ ಪೆಟ್ಟು ಬೀಳಲಿಲ್ಲ.) ಸೆಪ್ಟೆಂಬರ್‌ನಲ್ಲಿ ಉದ್ದದ ಫಾರಂ ವಾಪಸ್ ತನ್ನಿ ಅಂತ ಸಂಸತ್ತು ನಿರ್ಣಯ ಮಾಡಿತು. ಹಾರ್ಪರ್‌ಗೆ ಆಗ ಬಹುಮತ ಇರಲಿಲ್ಲ. ನಿರ್ಣಯ ಪಾಲಿಸಲೇಬೇಕು ಅನ್ನುವ ಕಟ್ಟುಪಾಡೂ ಇರಲಿಲ್ಲ. ಪಾಲಿಸಲಿಲ್ಲ.

2011ರ ಮೇ 2ರಂದು ಚುನಾವಣೆ. ಕನ್ಸರ್ವೇಟಿವ್ ಪಕ್ಷ 39.6 ಪರ್ಸೆಂಟ್ ಮತ ಪಡೆದು 308ರಲ್ಲಿ 166 ಸೀಟು ಗೆದ್ದಿತು. ಈಗ ಪೂರ್ತಿ ಬಹುಮತ. ಲಿಬರಲ್ ಪಕ್ಷ 34ಕ್ಕೆ ಇಳಿಯಿತು. ಎಂಟು ದಿನ ಆದ ಮೇಲೆ, ಮೇ 10ಕ್ಕೆ ಗಣತಿ ದಿನ. ಫಾರಂ ಜಗಳದಿಂದ ಸರ್ಕಾರಕ್ಕೆ ಮತಪೆಟ್ಟಿಗೆಯಲ್ಲಿ ಏನೂ ನಷ್ಟ ಆಗಲಿಲ್ಲ ಅನ್ನುವುದನ್ನು ಬೆಂಬಲಿಗರು ಆಗಲೂ ಹೇಳಿದರು, ಈಗಲೂ ಹೇಳುತ್ತಾರೆ. ಸರಿಯೇ.

ಖಾಲಿ ಬಿಟ್ಟ ಊರುಗಳು

2013ರ ಮೇ ತಿಂಗಳಿಂದ ಫಲಿತಾಂಶ ಬರತೊಡಗಿತು. 2006ರ ಉದ್ದದ ಫಾರಂ ತುಂಬಿ ಕೊಟ್ಟಿದ್ದವರು 93.5 ಪರ್ಸೆಂಟ್. ಹೊಸ ಸಮೀಕ್ಷೆಗೆ ಉತ್ತರ ಕೊಟ್ಟವರು 68.6 ಪರ್ಸೆಂಟ್.

ಆಕಾಶ ಬೀಳಲಿಲ್ಲ. ಇಡೀ ದೇಶದ ಮಟ್ಟದಲ್ಲಿ, ದೊಡ್ಡ ಪ್ರಾಂತ್ಯಗಳ ಮಟ್ಟದಲ್ಲಿ ಅಂಕಿಗಳು ಬಳಸುವ ಹಾಗೇ ಇದ್ದವು. ಸರ್ಕಾರದ ಪರ ಇದ್ದವರು ಇದನ್ನು ಎತ್ತಿ ತೋರಿಸಿದರು, ತೋರಿಸಬೇಕಾದದ್ದೇ. ಪೆಟ್ಟು ಬಿದ್ದದ್ದು ಕೆಳಗೆ. ದೇಶದ 4,567 ಊರು, ಪಟ್ಟಣ, ಪಂಗಡಗಳ ಪಟ್ಟಿಯಲ್ಲಿ 1,128ರ ಅಂಕಿಗಳನ್ನು ಸಂಸ್ಥೆ ಪ್ರಕಟಿಸಲೇ ಇಲ್ಲ. ಅಲ್ಲಿ ಉತ್ತರ ಅಷ್ಟು ಕಡಿಮೆ ಬಂದಿತ್ತು, ನಂಬುವ ಹಾಗಿರಲಿಲ್ಲ. ಸಸ್ಕಾಚವಾನ್ ಪ್ರಾಂತ್ಯದಲ್ಲಂತೂ ಹತ್ತರಲ್ಲಿ ನಾಲ್ಕಕ್ಕಿಂತ ಜಾಸ್ತಿ ಊರುಗಳು ಖಾಲಿ. ಗೋಧಿ ಬೆಳೆಯುವ ಬಯಲುಸೀಮೆ ಅದು, ಕನ್ಸರ್ವೇಟಿವ್ ಪಕ್ಷದ ಗಟ್ಟಿ ನೆಲ. ಸರ್ಕಾರದ ಕಾಟ ತಪ್ಪಿಸುತ್ತೇವೆ ಅಂತ ಯಾರಿಗೆ ಹೇಳಿದ್ದರೋ ಅವರ ಊರುಗಳೇ ಪಟ್ಟಿಯಿಂದ ಮಾಯವಾದವು.

ಬಡತನದ ಅಂಕಿಗಳನ್ನು 2006ರ ಜೊತೆ ಹೋಲಿಸಬೇಡಿ ಅಂತ ಸಂಸ್ಥೆಯೇ ಎಚ್ಚರಿಕೆ ಹಾಕಿತು. ಹಾರ್ಪರ್ ಕಾಲದಲ್ಲಿ ಬಡವರು ಹೆಚ್ಚಿದರಾ, ಕಡಿಮೆಯಾದರಾ ಅಂತ ಊರೂರಿನ ಮಟ್ಟದಲ್ಲಿ ನೋಡಬೇಕಾದವರಿಗೆ ಅಳತೆಯ ಕೋಲು ನಡುವೆ ಮುರಿದಿತ್ತು. ಸರ್ಕಾರದ ಸಾಧನೆ ಬಗ್ಗೆ ಹೊಡೆದಾಡುವವರಲ್ಲಿ ಇದರಿಂದ ಸೋತದ್ದು ವಿರೋಧಿಗಳು ಮಾತ್ರ ಅಲ್ಲ. ಬೆಂಬಲಿಗರ ಕೈಯಲ್ಲೂ ಪುರಾವೆ ಉಳಿಯಲಿಲ್ಲ.

ಸರ್ಕಾರ ಬದಲಾಯಿತು

ಉದ್ದದ ಫಾರಂ ವಾಪಸ್ ತರಲು ಲಿಬರಲ್ ಸಂಸದ ಟೆಡ್ ಶು ತಂದ ಖಾಸಗಿ ಮಸೂದೆ 2015ರ ಫೆಬ್ರವರಿಯಲ್ಲಿ ಬಿದ್ದುಹೋಯಿತು. ಅಕ್ಟೋಬರ್‌ನಲ್ಲಿ ಸರ್ಕಾರವೇ ಬಿತ್ತು. ಜಸ್ಟಿನ್ ಟ್ರೂಡೊ ಅವರ ಲಿಬರಲ್ ಪಕ್ಷ 39.5 ಪರ್ಸೆಂಟ್ ಮತಕ್ಕೆ ಬಹುಮತ ಪಡೆಯಿತು. ನಾಲ್ಕು ವರ್ಷದ ಹಿಂದೆ ಹಾರ್ಪರ್‌ಗೆ ಬಂದದ್ದಕ್ಕಿಂತ ಒಂದು ಕೂದಲೆಳೆ ಕಡಿಮೆ. ಇಬ್ಬರೂ 'ಜನ ನಮ್ಮ ಜೊತೆ ಇದ್ದಾರೆ' ಅಂದರು.

ನವೆಂಬರ್ 4ಕ್ಕೆ ಪ್ರಮಾಣವಚನ. ಮಾರನೇ ದಿನವೇ ಸಚಿವ ನವದೀಪ್ ಬೇನ್ಸ್ ಉದ್ದದ ಫಾರಂ ವಾಪಸ್ ಬರುತ್ತದೆ ಅಂತ ಘೋಷಿಸಿದರು. ಹೊಸ ಸರ್ಕಾರದ ಮೊದಲ ಕೆಲಸಗಳಲ್ಲಿ ಇದೂ ಒಂದು. ಅದೇ ದಿನಗಳಲ್ಲಿ ಕ್ಲೆಮೆಂಟ್ ಕೂಡ, ಈಗ ಆಗಿದ್ದರೆ ಬೇರೆ ಥರ ಮಾಡುತ್ತಿದ್ದೆ ಅಂತ ಒಪ್ಪಿಕೊಂಡರು. 2016ರ ಮೇ 2ರಂದು ಫಾರಂ ತುಂಬಲು ಜನ ಎಷ್ಟು ಮುಗಿಬಿದ್ದರು ಅಂದರೆ ವೆಬ್‌ಸೈಟೇ ಕೂತುಹೋಯಿತು. ನಮಗೆ ಉದ್ದದ್ದು ಬಂತು ಅಂತ ಫೋಟೋ ಹಾಕಿದವರೂ ಇದ್ದರು. ಉದ್ದದ ಫಾರಂಗೆ ಉತ್ತರ 97.8 ಪರ್ಸೆಂಟ್ ಬಂತು. ಆರು ವರ್ಷ ಕಾದಾಡಿದ್ದೇ ಒಳ್ಳೇ ಜಾಹೀರಾತು ಆಗಿತ್ತೇನೋ.

ಕಥೆ ಇಲ್ಲಿಗೆ ನಿಂತಿದ್ದರೆ ಲಿಬರಲ್ ಪಕ್ಷದವರು ಖುಷಿಯಾಗಿ ಹೇಳಿಕೊಂಡು ತಿರುಗಬಹುದಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಶೇಖ್ ನಂತರ ಬಂದ ಮುಖ್ಯಸ್ಥ ವೇಯ್ನ್ ಸ್ಮಿತ್ ಕೂಡ ರಾಜೀನಾಮೆ ಕೊಟ್ಟರು. ಎಲ್ಲ ಇಲಾಖೆಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಹಾರ್ಪರ್ ಸರ್ಕಾರ 2011ರಲ್ಲಿ ಒಂದು ಕೇಂದ್ರ ಸಂಸ್ಥೆ ಮಾಡಿತ್ತು. ಅದರ ಕೈಯಲ್ಲಿ ಸಿಕ್ಕಿಕೊಂಡು ನಮ್ಮ ಸ್ವಾತಂತ್ರ್ಯ ಹೋಗುತ್ತಿದೆ ಅನ್ನುವುದು ಸ್ಮಿತ್ ದೂರು. ಹೊಸ ಸರ್ಕಾರ ಅದನ್ನು ಬಗೆಹರಿಸಲಿಲ್ಲ. ಒಬ್ಬ ಪ್ರಧಾನಿಗೆ ಒಬ್ಬ ಮುಖ್ಯಸ್ಥರಂತೆ ಇಬ್ಬರು ಹೊರಗೆ ನಡೆದರು.

2017ರ ಡಿಸೆಂಬರ್‌ನಲ್ಲಿ ಲಿಬರಲ್ ಸರ್ಕಾರ ಅಂಕಿಅಂಶ ಕಾನೂನು ತಿದ್ದಿತು. ಗಣತಿ ಫಾರಂಗೆ ಇದ್ದ ಜೈಲು ಶಿಕ್ಷೆ ಹೋಯಿತು, ದಂಡ ಉಳಿಯಿತು. 2010ರಲ್ಲೇ ಮಾಡಬಹುದಾಗಿದ್ದ ಆ ಕೆಲಸ. ಕನ್ಸರ್ವೇಟಿವರ ಬೇಡಿಕೆಯನ್ನು ಈಡೇರಿಸಿದವರು ಲಿಬರಲ್ ಪಕ್ಷದವರು. ಎರಡೂ ಕಡೆಯವರು ಇದನ್ನು ಜೋರಾಗಿ ಹೇಳಿಕೊಂಡದ್ದನ್ನು ನಾನು ಕಂಡಿಲ್ಲ.

2018ರ ಶರತ್ಕಾಲದಲ್ಲಿ ಇನ್ನೊಂದು ಸುದ್ದಿ ಹೊರಬಿತ್ತು. ಸ್ಟ್ಯಾಟಿಸ್ಟಿಕ್ಸ್ ಕೆನಡಾ 5 ಲಕ್ಷ ಕೆನಡಿಯನ್ನರ ಬ್ಯಾಂಕ್ ವಹಿವಾಟಿನ ವಿವರವನ್ನು ಅವರಿಗೆ ಗೊತ್ತಿಲ್ಲದ ಹಾಗೇ ಬ್ಯಾಂಕುಗಳಿಂದ ತರಿಸಿಕೊಳ್ಳಲು ಹೊರಟಿತ್ತು. ಕನ್ಸರ್ವೇಟಿವ್ ಪಕ್ಷದವರು ಗೌಪ್ಯತೆ ಅಂತ ಕೂಗಿದರು. ಟ್ರೂಡೊ ಒಳ್ಳೇ ಅಂಕಿಅಂಶ ಬೇಕಲ್ವಾ ಅಂದರು. 2010ರ ಮಾತುಗಳೇ, ಆದರೆ ಈ ಸಲ ಕನ್ಸರ್ವೇಟಿವರ ಮಾತಿನಲ್ಲಿ ತೂಕ ಜಾಸ್ತಿ ಇತ್ತು. ಬೆಡ್‌ರೂಂ ಎಷ್ಟು ಅಂತ ಕೇಳಿದರೆ ಸುಳ್ಳಾದರೂ ಹೇಳಬಹುದು, ಬ್ಯಾಂಕ್ ಪಾಸ್‌ಬುಕ್ಕನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋದರೆ ಏನು ಮಾಡುವುದು? ಯೋಜನೆ ನಿಂತಿತು. 2010ರಲ್ಲಿ ಜೈಲಿನ ಹೆಸರಿನಲ್ಲಿ ಆ ವಾದವನ್ನೆಲ್ಲ ಖರ್ಚು ಮಾಡದೆ ಇಟ್ಟುಕೊಂಡಿದ್ದರೆ ಅವರ ಮಾತು ಇನ್ನೂ ದೂರ ಹೋಗುತ್ತಿತ್ತೋ ಏನೋ.

ಒಂದು ವಿಷಯ ಮಾತ್ರ ಯಾವ ಸರ್ಕಾರ ಬಂದರೂ ರಿಪೇರಿ ಆಗುವ ಹಾಗಿಲ್ಲ. ಕೆನಡಾ ಧರ್ಮದ ಪ್ರಶ್ನೆಯನ್ನು ಹತ್ತು ವರ್ಷಕ್ಕೊಮ್ಮೆ, ಕೊನೆಯಲ್ಲಿ 1 ಬರುವ ವರ್ಷದಲ್ಲಿ ಮಾತ್ರ ಕೇಳುತ್ತದೆ. ಅದು ಇರುವುದು ಉದ್ದದ ಫಾರಂನಲ್ಲಿ. ಅಂದಮೇಲೆ 2016ರಲ್ಲಿ ಫಾರಂ ವಾಪಸ್ ಬಂದರೂ ಆ ಪ್ರಶ್ನೆ ಬರಲಿಲ್ಲ. ಕೆನಡಾದ ಹಿಂದೂಗಳ ಲೆಕ್ಕ ತೆಗೆದು ನೋಡಿ: 2001ರಲ್ಲಿ 2,97,200. 2021ರಲ್ಲಿ 8,28,195. ಎರಡೂ ಕಡ್ಡಾಯ ಫಾರಂನಿಂದ ಬಂದವು. ನಡುವೆ 2011ಕ್ಕೆ 4,97,960 ಅಂತ ಇದೆ. ಅದು ಇಷ್ಟ ಇದ್ದವರು ತುಂಬಿದ ಲೆಕ್ಕ.